ಹಳ್ಳಿಯ ತಿಪ್ಪೆಯೂ ನಗರದ ಕಸವೂ

‘ತಿಪ್ಪೆ’ ಎಂಬ ಮಾತಿಗೆ ನಮ್ಮ ಭಾಷೆಯಲ್ಲಿ ಅಷ್ಟೇನೂ ಗೌರವವಿಲ್ಲ. ‘ತಿಪ್ಪೆಯ ಮೇಲೆ ಮಲಗಿ ಉಪ್ಪರಿಗೆಯ ಕನಸು ಕಂಡಂತೆ’ ಎಂದು ಗಾದೆಯೇ ಉಂಟು. ಆದರೆ ಬೇಸಾಯಗಾರನ ಮನೆಯಲ್ಲಿ ತಿಪ್ಪೆಯು ಎಂದೂ ಹೀನವಾದ ವಸ್ತುವಾಗಿರಲಿಲ್ಲ. ಅದು ಅವನ ಉಳಿತಾಯದ ಪೆಟ್ಟಿಗೆ. ಕೊಟ್ಟಿಗೆಯ ಸಗಣಿ, ದನ ತಿಂದುಳಿದ ಹುಲ್ಲು, ಒಲೆಯ ಬೂದಿ, ಅಂಗಳ ಗುಡಿಸಿದ ತರಗೆಲೆ, ತರಕಾರಿಯ ಸಿಪ್ಪೆ, ಉಂಡು ಎಸೆದ ಬಾಳೆಲೆ, ಇವೆಲ್ಲವೂ ದಿನದಿನವೂ ಅದರಲ್ಲಿ ಕೂಡುತ್ತಿದ್ದವು. ಮಳೆಗಾಲಕ್ಕೆ ಮುಂಚೆ ಅದನ್ನು ಅಗೆದು, ಗಾಡಿಯಲ್ಲಿ ತುಂಬಿ ಹೊಲಕ್ಕೆ ಒಯ್ಯುತ್ತಿದ್ದರು. ಮನೆಯಿಂದ ಹೊರಗೆ ಹೋದುದು ಮುಂದಿನ ಸುಗ್ಗಿಯಲ್ಲಿ ರಾಗಿಯಾಗಿಯೋ ಭತ್ತವಾಗಿಯೋ ಮನೆಗೆ ಮರಳುತ್ತಿತ್ತು.

ಕೋಲ್ಕತ್ತದಲ್ಲಿ ಬೆಳೆಯುತ್ತಿರುವ ನಮ್ಮ ವಿದ್ಯಾರ್ಥಿಗಳಿಗೆ ಹಳ್ಳಿಯ ಕಸದ ಮಾತು ಏಕೆ ಬೇಕು ಎಂದು ಯಾರಾದರೂ ಕೇಳಬಹುದು. ಇದಕ್ಕೆ ಎರಡು ಕಾರಣಗಳುಂಟು. ನಮ್ಮಲ್ಲಿ ಅನೇಕರ ಮೂಲ ಹಳ್ಳಿಯಲ್ಲಿದೆ. ಬೇಸಗೆಯ ರಜೆಯಲ್ಲಿ ಹೌರಾ ನಿಲ್ದಾಣದಲ್ಲಿ ರೈಲು ಹತ್ತಿ, ಎರಡು ದಿನ ಪ್ರಯಾಣ ಮಾಡಿ ಅಜ್ಜ ಅಜ್ಜಿಯರ ಮನೆ ಸೇರುವವರು ನಮ್ಮ ಶಾಲೆಯಲ್ಲಿ ಕಡಿಮೆಯಿಲ್ಲ. ಅವರು ಅಲ್ಲಿಗೆ ಬರಿಗೈಯಲ್ಲಿ ಹೋಗುವುದಿಲ್ಲ. ನಗರದ ಪೊಟ್ಟಣಗಳನ್ನೂ ಚೀಲಗಳನ್ನೂ ಒಯ್ಯುತ್ತಾರೆ. ಇದು ಮೊದಲನೆಯ ಕಾರಣ. ಎರಡನೆಯದು ಇನ್ನೂ ಹತ್ತಿರದ್ದು. ನಾವು ಈ ನಗರದಲ್ಲಿ ಎಸೆದ ಕಸವೂ ಕೊನೆಗೆ ಹೋಗಿ ಸೇರುವುದು ಹಳ್ಳಿಗರ ಬಾಗಿಲಿಗೇ. ಆ ಹಳ್ಳಿಗಳು ನಗರದ ಪೂರ್ವದ ಅಂಚಿನಲ್ಲಿವೆ. ಅವುಗಳ ಕಥೆಯನ್ನು ಮುಂದೆ ಹೇಳುತ್ತೇವೆ. ಮೊದಲು ತಿಪ್ಪೆಯಲ್ಲಿ ನಡೆಯುವ ಕೆಲಸವನ್ನು ತಿಳಿಯೋಣ.

ತಿಪ್ಪೆಯೊಳಗಿನ ಕೆಲಸಗಾರರು

ಎಲೆಯನ್ನಾಗಲಿ ಸಿಪ್ಪೆಯನ್ನಾಗಲಿ ಮಣ್ಣಿಗೆ ಹಾಕಿದರೆ ಅದು ಕೊಳೆಯುತ್ತದೆ ಎನ್ನುತ್ತೇವೆ. ಕೊಳೆಯುವುದೆಂದರೆ ಸುಮ್ಮನೆ ಹಾಳಾಗುವುದಲ್ಲ. ಕಣ್ಣಿಗೆ ಕಾಣದ ಕೋಟ್ಯನುಕೋಟಿ ಸೂಕ್ಷ್ಮಜೀವಿಗಳು ಅದನ್ನು ತಿಂದು, ಅರಗಿಸಿ, ಗಿಡದ ಬೇರು ಹೀರಬಲ್ಲ ಸಾರವನ್ನಾಗಿ ಮಾಡುವ ಕ್ರಿಯೆಯೇ ಕೊಳೆಯುವುದು. ಅವುಗಳಿಗೂ ನಮ್ಮಂತೆಯೇ ಆಹಾರ, ನೀರು, ಗಾಳಿ ಬೇಕು. ಒಣಗಿದ ಎಲೆ ಹುಲ್ಲುಗಳಿಂದ ಅವುಗಳಿಗೆ ಇಂಗಾಲವೂ, ಹಸಿ ಸಿಪ್ಪೆ ಸಗಣಿಗಳಿಂದ ಸಾರಜನಕವೂ ದೊರೆಯುತ್ತವೆ. ಇಂಗಾಲವು ಸಾರಜನಕದ ಸುಮಾರು 30 ಪಾಲಿನಷ್ಟಿದ್ದರೆ ಅವುಗಳ ಕೆಲಸ ಚೆನ್ನಾಗಿ ಸಾಗುತ್ತದೆ. ಹಾಗೆ ಸಾಗುವಾಗ ರಾಶಿಯ ಒಳಗೆ ಶಾಖ ಹುಟ್ಟುತ್ತದೆ. ಚೆನ್ನಾಗಿ ಹೂಡಿದ ರಾಶಿಯ ನಡುವೆ ಅದು 55 ಡಿಗ್ರಿ ಸೆಲ್ಸಿಯಸ್ಸನ್ನೂ ಮೀರುವುದುಂಟು. ಆ ಶಾಖಕ್ಕೆ ನೊಣದ ಮರಿಗಳೂ, ರೋಗದ ಅನೇಕ ಬೀಜಗಳೂ, ಕಳೆಯ ಬೀಜಗಳೂ ಸಾಯುತ್ತವೆ.

ಹಳ್ಳಿಗರು ಅನುಭವದಿಂದ ಅರಿತಿದ್ದ ಈ ಕ್ರಮವನ್ನು ಕಳೆದ ಶತಮಾನದಲ್ಲಿ ವಿಜ್ಞಾನಿಗಳು ಶಾಸ್ತ್ರೀಯವಾಗಿ ಪರೀಕ್ಷಿಸಿದರು. ಇಂದೋರಿನಲ್ಲಿ 1924ರಿಂದ 1931ರ ವರೆಗೆ ಕೆಲಸ ಮಾಡಿದ ಆಲ್ಬರ್ಟ್ ಹೋವರ್ಡ್ ಎಂಬ ಇಂಗ್ಲಿಷ್ ವಿಜ್ಞಾನಿ, ನಮ್ಮ ದೇಶದ ರೈತರಿಂದಲೂ ಚೀನದ ರೈತರ ಪದ್ಧತಿಯಿಂದಲೂ ಕಲಿತು, ರಾಶಿಯನ್ನು ಆಗಾಗ್ಗೆ ಮಗುಚಿ ಗಾಳಿಯಾಡಿಸುವ ‘ಇಂದೋರ್ ಪದ್ಧತಿ’ಯನ್ನು ರೂಪಿಸಿದನು. ಕನ್ನಡ ನಾಡಿನ ಹೆಸರನ್ನು ಹೊತ್ತ ಇನ್ನೊಂದು ಪದ್ಧತಿಯೂ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1939ರಲ್ಲಿ ಡಾ. ಸಿ. ಎನ್. ಆಚಾರ್ಯರು ರೂಪಿಸಿದ ಇದಕ್ಕೆ ‘ಬೆಂಗಳೂರು ಪದ್ಧತಿ’ಯೆಂದೇ ಹೆಸರು. ಕಸವನ್ನು ಗುಂಡಿಯಲ್ಲಿ ಪದರ ಪದರವಾಗಿ ಹರಡಿ, ಮೇಲೆ ಮಣ್ಣು ಮುಚ್ಚಿ, ಮಗುಚದೆ ಕೆಲವು ತಿಂಗಳು ಬಿಟ್ಟುಬಿಡುವುದು ಇದರ ಕ್ರಮ. ಇಂದೋರ್ ಪದ್ಧತಿಗೆ ದುಡಿಮೆ ಹೆಚ್ಚು, ಕಾಲ ಕಡಿಮೆ. ಬೆಂಗಳೂರು ಪದ್ಧತಿಗೆ ದುಡಿಮೆ ಕಡಿಮೆ, ಕಾಲ ಹೆಚ್ಚು. ಎರಡಕ್ಕೂ ಮಾತ್ರ ಒಂದೇ ಕಟ್ಟುಪಾಡು: ಗುಂಡಿಗೆ ಬೀಳುವುದೆಲ್ಲ ಕೊಳೆಯುವ ವಸ್ತುವೇ ಆಗಿರಬೇಕು.

ನಗರದ ಪೂರ್ವದಲ್ಲಿರುವ ಹಳ್ಳಿಗಳು

ಈಗ ಕೋಲ್ಕತ್ತಕ್ಕೆ ಬರೋಣ. ಈ ನಗರದ ನೆಲವು ಹೂಗ್ಲಿ ನದಿಯ ದಂಡೆಯಿಂದ ಪೂರ್ವಕ್ಕೆ ಇಳಿಜಾರಾಗಿದೆ. ಆದುದರಿಂದ 1850ರ ದಶಕದಲ್ಲಿ ಇಂಜಿನಿಯರ್ ವಿಲಿಯಂ ಕ್ಲಾರ್ಕ್ ಚರಂಡಿಗಳ ಯೋಜನೆಯನ್ನು ರೂಪಿಸಿದಾಗ, ಕೊಳೆನೀರನ್ನು ನದಿಗೆ ಬಿಡದೆ ಪೂರ್ವದ ಉಪ್ಪುಕೆರೆಗಳ ಕಡೆಗೆ ಹರಿಸುವ ಏರ್ಪಾಡಾಯಿತು. ನಗರದ ಕಸವನ್ನೂ ಅದೇ ದಿಕ್ಕಿನ ಧಾಪಾ ಎಂಬಲ್ಲಿಗೆ ಸಾಗಿಸತೊಡಗಿದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಆ ಕಸದ ಮೇಲೆಯೇ ಬೇಸಾಯ ನಡೆದು, ಧಾಪಾದ ಹೂಕೋಸು, ಸೊಪ್ಪು, ಬದನೆಗಳು ನಗರದ ಮಾರುಕಟ್ಟೆಗಳಿಗೆ ಬರುತ್ತಾ ಬಂದವು.

ಕೊಳೆನೀರನ್ನು ಅಲ್ಲಿಯ ಹಳ್ಳಿಗರು ಮೀನಿನ ಕೆರೆಗಳಿಗೆ ಬಿಟ್ಟುಕೊಂಡರು. ಈ ಕೆರೆಗಳಿಗೆ ಬಂಗಾಳಿಯಲ್ಲಿ ‘ಭೇರಿ’ ಎಂದು ಹೆಸರು. ಭೇರಿಯು ಆಳವಾದ ಕೆರೆಯಲ್ಲ. ಬಿಸಿಲು ತಳದವರೆಗೂ ಇಳಿಯುವಷ್ಟು ತೆಳುವಾಗಿ ನೀರು ನಿಂತಿರುತ್ತದೆ. ಕೊಳೆನೀರಿನಲ್ಲಿರುವ ಕಲ್ಮಶವನ್ನು ಸೂಕ್ಷ್ಮಜೀವಿಗಳು ಒಡೆಯುತ್ತವೆ. ಅದರಿಂದ ದೊರೆತ ಸಾರವನ್ನುಂಡು, ಬಿಸಿಲಿನ ನೆರವಿನಿಂದ ಹಸಿರು ಪಾಚಿ ಬೆಳೆಯುತ್ತದೆ. ಪಾಚಿಯು ನೀರಿಗೆ ಆಮ್ಲಜನಕವನ್ನು ಕೊಡುತ್ತದೆ. ಆ ಆಮ್ಲಜನಕದಿಂದ ಸೂಕ್ಷ್ಮಜೀವಿಗಳ ಕೆಲಸ ಮುಂದುವರಿಯುತ್ತದೆ. ಹೆಚ್ಚಿದ ಪಾಚಿಯನ್ನು ಮೀನು ತಿನ್ನುತ್ತದೆ. ಕೆಲವು ದಿನಗಳಲ್ಲಿ ನೀರು ತಿಳಿಯಾಗುತ್ತದೆ, ಮೀನೂ ಬಲಿಯುತ್ತದೆ. ಭೇರಿಯ ದಂಡೆಯುದ್ದಕ್ಕೂ ಅಂತರಗಂಗೆಯ ಗಿಡಗಳನ್ನು ಹಳ್ಳಿಗರು ಬೇಕೆಂದೇ ಬೆಳೆಸಿರುತ್ತಾರೆ. ಅವು ಅಲೆಗಳಿಂದ ದಂಡೆ ಕುಸಿಯದಂತೆ ಕಾಯುವುದಲ್ಲದೆ, ನೀರಿನಲ್ಲಿರುವ ಲೋಹದ ಅಂಶಗಳನ್ನೂ ಒಂದಿಷ್ಟು ಹೀರಿಕೊಳ್ಳುತ್ತವೆ.

ಈ ಜಾಣ್ಮೆಯನ್ನು ಲೋಕಕ್ಕೆ ತಿಳಿಸಿಕೊಟ್ಟವರು ಧ್ರುವಜ್ಯೋತಿ ಘೋಷ್ ಎಂಬ ಇಂಜಿನಿಯರರು. ನಗರದ ಕೊಳೆನೀರು ಏನಾಗುತ್ತದೆಂದು ಹುಡುಕುತ್ತಾ 1980ರ ದಶಕದ ಆರಂಭದಲ್ಲಿ ಅವರು ಈ ಹಳ್ಳಿಗಳಿಗೆ ಹೋದರು. ಓದು ಬರಹ ಹೆಚ್ಚು ತಿಳಿಯದ ಮೀನುಗಾರರು ಯಾವ ಯಂತ್ರವೂ ಇಲ್ಲದೆ ನಡೆಸುತ್ತಿದ್ದ ಶುದ್ಧೀಕರಣವನ್ನು ಕಂಡರು. ತಮ್ಮ ಜೀವಿತದ ಉಳಿದ ಕಾಲವನ್ನೆಲ್ಲ, 2018ರಲ್ಲಿ ತೀರಿಕೊಳ್ಳುವವರೆಗೂ, ಈ ಜೌಗುನೆಲದ ರಕ್ಷಣೆಗೆ ಅವರು ಮುಡಿಪಾಗಿಟ್ಟರು. ಸುಮಾರು 12,500 ಹೆಕ್ಟೇರುಗಳ ಈ ಪ್ರದೇಶವು 2002ರಲ್ಲಿ ‘ಪೂರ್ವ ಕೋಲ್ಕತ್ತ ಜೌಗುಪ್ರದೇಶ’ವೆಂಬ ಹೆಸರಿನಿಂದ ರಾಮ್‌ಸಾರ್ ಒಪ್ಪಂದದ ಪಟ್ಟಿಗೆ ಸೇರಿ, ಅಂತರರಾಷ್ಟ್ರೀಯ ಮಹತ್ವವುಳ್ಳದ್ದೆಂದು ಮಾನ್ಯವಾಯಿತು. ಇದರ ರಕ್ಷಣೆಗಾಗಿ 2006ರಲ್ಲಿ ಪಶ್ಚಿಮ ಬಂಗಾಳವು ಒಂದು ಕಾಯಿದೆಯನ್ನೂ ಮಾಡಿತು.

ವಿಚಾರ ಮಾಡಿ ನೋಡಿದರೆ, ಕನ್ನಡ ನಾಡಿನ ತಿಪ್ಪೆಯೂ ಬಂಗಾಳದ ಭೇರಿಯೂ ಒಂದೇ ತತ್ತ್ವದ ಮೇಲೆ ನಿಂತಿವೆ. ಒಂದು ಮಣ್ಣಿನಲ್ಲಿ ಮಾಡುವ ಕೆಲಸವನ್ನು ಇನ್ನೊಂದು ನೀರಿನಲ್ಲಿ ಮಾಡುತ್ತದೆ. ಆದರೆ ಇಂದು ಎರಡೂ ಒಂದೇ ಕಾರಣದಿಂದ ಕೆಡುತ್ತಿವೆ.

ಕೊಳೆಯದ ಕಸ

ನಾವು ಹಳ್ಳಿಯಲ್ಲಿ ಚಿಕ್ಕವರಾಗಿದ್ದಾಗ, ಎಂದರೆ ಸುಮಾರು ಮೂವತ್ತು ವರ್ಷಗಳ ಹಿಂದೆ, ಅಂಗಡಿಯವರು ಸಕ್ಕರೆಯನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ದಾರ ಸುತ್ತಿಕೊಡುತ್ತಿದ್ದರು. ಎಣ್ಣೆಗೆ ಮನೆಯಿಂದ ಸೀಸೆ ಒಯ್ಯಬೇಕಾಗಿತ್ತು. ಆ ದಾರವನ್ನೂ ಬಿಸಾಡದೆ ಉಂಡೆ ಸುತ್ತಿಡುವ ರೂಢಿ ಅನೇಕ ಮನೆಗಳಲ್ಲಿತ್ತು. ಅದೇ ಕಾಲದಲ್ಲಿ ಅಂಗಡಿಯ ಬಾಗಿಲಲ್ಲಿ ಒಂದು ರೂಪಾಯಿಯ ಶ್ಯಾಂಪೂ ಪೊಟ್ಟಣಗಳ ಸರವು ತೂಗಾಡತೊಡಗಿತು. ಅನಂತರ ಹಾಲು, ಎಣ್ಣೆ, ಬಿಸ್ಕತ್ತು, ಕುರುಕುತಿಂಡಿ, ಗುಟ್ಕಾ, ಕುಡಿಯುವ ನೀರು, ಎಲ್ಲವೂ ಪ್ಲಾಸ್ಟಿಕ್ಕಿನೊಳಗೆ ಬಂದವು. ಹಳ್ಳಿಗರು ಮಾತ್ರ ತಮ್ಮ ಹಳೆಯ ರೂಢಿಯಂತೆ ಬೇಡವಾದುದನ್ನು ತಿಪ್ಪೆಗೆ ಎಸೆದರು. ತಿಪ್ಪೆಯ ಕೆಲಸಗಾರರು ಪ್ಲಾಸ್ಟಿಕ್ಕನ್ನು ತಿನ್ನಲಾರರು. ಅದು ಚೂರುಚೂರಾಗಿ ಗೊಬ್ಬರದೊಡನೆ ಹೊಲಕ್ಕೆ ಹೋಗಿ ಮಣ್ಣಿನಲ್ಲಿ ಸೇರುತ್ತದೆ. ಅಲ್ಲಿ ತಲೆಮಾರುಗಟ್ಟಲೆ ಉಳಿಯುತ್ತದೆ.

ಇದರಿಂದಾಗುವ ಕೇಡುಗಳನ್ನು ಒಂದೊಂದಾಗಿ ನೋಡೋಣ. ಅನ್ನ ಮೆತ್ತಿದ ಚೀಲವನ್ನು ಹಸುವು ಚೀಲದೊಡನೆಯೇ ನುಂಗುತ್ತದೆ. ಅದು ಹೊಟ್ಟೆಯಲ್ಲಿ ಗಂಟಾಗಿ ನಿಂತು, ಮೇವು ಸೇರದೆ ಹಸು ಬಡವಾಗಿ ಸಾಯುವುದೂ ಉಂಟು. ಎಸೆದ ಲೋಟ, ಡಬ್ಬಿ, ಹಳೆಯ ಟೈರು, ಎಳನೀರಿನ ಬುರುಡೆಗಳಲ್ಲಿ ಮಳೆನೀರು ನಿಂತರೆ ಡೆಂಗೆಯನ್ನು ಹರಡುವ ಸೊಳ್ಳೆಯು ಅಲ್ಲಿ ಮೊಟ್ಟೆಯಿಡುತ್ತದೆ. ಆ ಮೊಟ್ಟೆಗಳು ನೀರಾರಿದ ಮೇಲೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮತ್ತೆ ಮಳೆ ಬಿದ್ದೊಡನೆ ಒಡೆಯುತ್ತವೆ. ಸೊಳ್ಳೆಯ ಮೂಲಕ ಮಲೇರಿಯ ಹಕ್ಕಿಯಿಂದ ಹಕ್ಕಿಗೆ ಹರಡುವ ಬಗೆಯನ್ನು ರೊನಾಲ್ಡ್ ರಾಸ್ 1898ರಲ್ಲಿ ಸಿದ್ಧಪಡಿಸಿದ್ದು ಇದೇ ಕೋಲ್ಕತ್ತದಲ್ಲಿ. ಆ ನಗರದ ಮಕ್ಕಳಾದ ನಾವು ನಿಂತ ನೀರನ್ನು ಅಲಕ್ಷ್ಯ ಮಾಡುವುದು ಸರಿಯಲ್ಲ.

ಎಲ್ಲಕ್ಕಿಂತ ಹೆಚ್ಚಿನ ಕೇಡು ಸುಡುವುದರಿಂದ. ಸಂಜೆಯ ಹೊತ್ತು ಅಂಗಳ ಗುಡಿಸಿ, ರಾಶಿಗೆ ಬೆಂಕಿಯಿಡುವುದು ಹಳ್ಳಿಯಲ್ಲಿ ಹಳೆಯ ಅಭ್ಯಾಸ. ಬರಿಯ ತರಗೆಲೆಯನ್ನು ಸುಟ್ಟರೆ ಗೊಬ್ಬರವು ನಷ್ಟವಾಗುತ್ತದೆ, ಹೊಗೆಯೂ ಏಳುತ್ತದೆ. ಅದರಲ್ಲಿ ಪ್ಲಾಸ್ಟಿಕ್ ಸೇರಿದರೆ ಹೊಗೆಯೇ ವಿಷವಾಗುತ್ತದೆ. ಮುಖ್ಯವಾಗಿ ಪಿ.ವಿ.ಸಿ. ಎಂಬ ಬಗೆಯ ಪ್ಲಾಸ್ಟಿಕ್ ಮಂದವಾದ ಬೆಂಕಿಯಲ್ಲಿ ಉರಿದಾಗ ಡಯಾಕ್ಸಿನ್ ಎಂಬ ವಿಷವಸ್ತುಗಳು ಹುಟ್ಟುತ್ತವೆ. ಅವು ಹುಲ್ಲಿನ ಮೇಲೆ ಕೂರುತ್ತವೆ. ಹುಲ್ಲಿನಿಂದ ಹಸುವಿಗೂ, ಹಸುವಿನ ಹಾಲಿನಿಂದ ಮಕ್ಕಳಿಗೂ ಬರುತ್ತವೆ. ಸುಟ್ಟುಬಿಟ್ಟೆವು, ಕಸ ಮುಗಿಯಿತು ಎಂದು ತಿಳಿಯುವುದು ಬರಿಯ ಭ್ರಮೆ.

ಧಾಪಾದಲ್ಲಿ ಆದುದೂ ಇದೇ. ಹಿಂದಿನ ಕಾಲದ ಕಸದಲ್ಲಿ ಬೂದಿ, ಎಲೆ, ಸಿಪ್ಪೆಗಳೇ ಹೆಚ್ಚಾಗಿದ್ದುದರಿಂದ ಅದು ಹೊಲವಾಯಿತು. ಇಂದಿನ ಕಸವು ಎಲ್ಲವೂ ಬೆರೆತುದಾದ್ದರಿಂದ ಅದು ಬೆಟ್ಟವಾಗಿ ನಿಂತಿದೆ. ಬೆಟ್ಟದೊಳಗೆ ಗಾಳಿಯಿಲ್ಲದೆ ಕೊಳೆತ ಪದಾರ್ಥದಿಂದ ಮೀಥೇನ್ ಅನಿಲ ಹುಟ್ಟಿ ಬೆಂಕಿ ಹತ್ತಿಕೊಳ್ಳುತ್ತದೆ. ಅದರಿಂದ ಇಳಿಯುವ ಕಪ್ಪುನೀರು ನೆಲಕ್ಕೆ ಇಂಗುತ್ತದೆ. ಅಲ್ಲಿಯ ಮಣ್ಣಿನಲ್ಲಿಯೂ ತರಕಾರಿಯಲ್ಲಿಯೂ ಸೀಸ ಮೊದಲಾದ ಲೋಹಗಳ ಅಂಶವಿರುವುದನ್ನು ಪರೀಕ್ಷಕರು ಕಂಡಿದ್ದಾರೆ. ಆ ಹೊಗೆಯನ್ನು ಉಸಿರಾಡುವವರು ಆ ಕಸವನ್ನು ಮಾಡಿದವರಲ್ಲ. ಬರಿಗೈಯಿಂದ ಅದನ್ನು ಕೆದಕಿ ಹೊಟ್ಟೆ ಹೊರೆಯುವವರಲ್ಲಿ ನಿಮ್ಮ ವಯಸ್ಸಿನವರೂ ಇದ್ದಾರೆ.

ಆದುದರಿಂದ ಈ ಲೇಖನದ ತಿರುಳನ್ನು ಒಂದೇ ವಾಕ್ಯದಲ್ಲಿ ಹೇಳಬಹುದು: ಕಸವು ಕೇಡಾಗುವುದು ಬೆರೆತಾಗ. ಸಿಪ್ಪೆ ಬೇರೆಯಾಗಿದ್ದರೆ ಗೊಬ್ಬರ. ಸೀಸೆ ಬೇರೆಯಾಗಿದ್ದರೆ ಮತ್ತೊಂದು ಸೀಸೆ. ಎರಡೂ ಕಲೆತರೆ ಯಾವುದಕ್ಕೂ ಬಾರದ ಹೊಲಸು. ಬೆರೆತುದನ್ನು ಆಮೇಲೆ ಬಿಡಿಸುವುದು ನೂರು ಜನರ ಕೆಲಸ. ಬೆರೆಸದಿರುವುದು ಮನೆಯಲ್ಲಿ ಒಬ್ಬರ ಕೆಲಸ.

ಮನೆಯಲ್ಲಿ ಮಾಡತಕ್ಕ ಕೆಲಸ

ಮೊದಲನೆಯದು ಕಸವನ್ನು ಕಡಿಮೆ ಮಾಡುವುದು. ಮನೆಗೆ ಬಾರದ ಕಸವನ್ನು ಹೊರಗೆ ಹಾಕುವ ಚಿಂತೆಯೇ ಇಲ್ಲ. ಸಂತೆಗೆ ಹೋಗುವಾಗ ಬಟ್ಟೆಯ ಚೀಲ, ಹಾಲು ಎಣ್ಣೆಗಳಿಗೆ ಮನೆಯ ಪಾತ್ರೆ, ಮದುವೆ ಮುಂಜಿಗಳಲ್ಲಿ ಬಾಳೆಲೆ ಅಥವಾ ಮುತ್ತುಗದ ಎಲೆ, ನೀರಿಗೆ ಸ್ಟೀಲಿನ ಲೋಟ, ಇವಿಷ್ಟರಿಂದಲೇ ಊರಿನ ಕಸವು ಎಷ್ಟೋ ಇಳಿಯುತ್ತದೆ. ಕರ್ನಾಟಕವು 2016ರಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. ಒಮ್ಮೆ ಬಳಸಿ ಎಸೆಯುವ ತಟ್ಟೆ, ಲೋಟ, ಚಮಚ, ಹೀರುಕೊಳವೆ ಮೊದಲಾದವುಗಳನ್ನು 2022ರ ಜುಲೈ 1ರಿಂದ ದೇಶಕ್ಕೆಲ್ಲ ನಿಷೇಧಿಸಲಾಯಿತು. ಕಾನೂನು ಅಂಗಡಿಯ ಬಾಗಿಲವರೆಗೆ ಬರಬಲ್ಲುದು. ಅಡಿಗೆಮನೆಯೊಳಕ್ಕೆ ನಮ್ಮ ಅಭ್ಯಾಸವೇ ಬರಬೇಕು.

ಎರಡನೆಯದು ಬೇರ್ಪಡಿಸುವುದು. ಕಸವನ್ನು ನಾಲ್ಕು ಪಾಲು ಮಾಡಿದರೆ ಸಾಕು. ಕೊಳೆಯುವ ಹಸಿಕಸ ಒಂದು ಪಾಲು. ಕಾಗದ, ಪ್ಲಾಸ್ಟಿಕ್, ಲೋಹ, ಗಾಜುಗಳಂಥ ಒಣಕಸ ಎರಡನೆಯ ಪಾಲು. ಗಾಯದ ಪಟ್ಟಿ, ಮಗುವಿನ ಡಯಾಪರು, ಹೆಂಗಸರ ಸ್ಯಾನಿಟರಿ ಪ್ಯಾಡು ಮೊದಲಾದುವು ಮೂರನೆಯ ಪಾಲು. ಇವನ್ನು ಕಾಗದದಲ್ಲಿ ಸುತ್ತಿ, ಗುರುತು ಮಾಡಿ ಕೊಟ್ಟರೆ ಕಸ ಒಯ್ಯುವವರ ಕೈಗೆ ರೋಗ ತಗಲುವುದಿಲ್ಲ. ಬ್ಯಾಟರಿ, ಟ್ಯೂಬ್‌ಲೈಟು, ಅವಧಿ ಮೀರಿದ ಔಷಧಿ, ಕೀಟನಾಶಕದ ಡಬ್ಬಿಗಳು ನಾಲ್ಕನೆಯ ಪಾಲು. ಟ್ಯೂಬ್‌ಲೈಟಿನೊಳಗೆ ಪಾದರಸವಿದೆ, ಅದನ್ನು ಒಡೆಯಬಾರದು. ಕೀಟನಾಶಕದ ಡಬ್ಬಿಯನ್ನು ಎಷ್ಟು ತೊಳೆದರೂ ನೀರಿಗಾಗಲಿ ಕಾಳಿಗಾಗಲಿ ಬಳಸಲೇಬಾರದು.

ಮೂರನೆಯದು ಗೊಬ್ಬರದ ಗುಂಡಿ. ಒಂದು ಮನೆಗೆ ಉದ್ದ, ಅಗಲ, ಆಳ ಒಂದೊಂದು ಮೀಟರಿನ ಗುಂಡಿ ಸಾಕು. ಮಳೆನೀರು ನುಗ್ಗದ ಎತ್ತರದ ಜಾಗದಲ್ಲಿ, ಬಾವಿಯಿಂದ ಕಡಿಮೆಯೆಂದರೆ 15 ಮೀಟರು ದೂರದಲ್ಲಿ ಅದನ್ನು ತೋಡಬೇಕು. ತಳದಲ್ಲಿ ಒಣಕಡ್ಡಿ ತರಗುಗಳನ್ನು ಹಾಸಿ, ಅದರ ಮೇಲೆ ದಿನದಿನದ ಹಸಿಕಸವನ್ನು ಹರಡಿ, ಪ್ರತಿಸಲವೂ ಒಣಎಲೆಯನ್ನೋ ಮಣ್ಣನ್ನೋ ಮುಚ್ಚಬೇಕು. ವಾರಕ್ಕೊಮ್ಮೆ ಸಗಣಿಯ ನೀರನ್ನು ಚಿಮುಕಿಸಿದರೆ ಕೆಲಸ ಬೇಗ ಸಾಗುತ್ತದೆ. ಹಿಡಿಯಲ್ಲಿ ಹಿಂಡಿದರೆ ಒಂದೆರಡು ಹನಿ ಮಾತ್ರ ಒಸರುವಷ್ಟು ತೇವವಿರಬೇಕು. ದುರ್ವಾಸನೆ ಬಂದರೆ ನೀರು ಹೆಚ್ಚಾಯಿತು, ಗಾಳಿ ಕಡಿಮೆಯಾಯಿತು ಎಂದು ತಿಳಿದು, ಒಣಎಲೆ ಸೇರಿಸಿ ಮಗುಚಬೇಕು. ಎರಡು ಗುಂಡಿಗಳಿದ್ದರೆ ಒಂದು ಮಾಗುವಾಗ ಇನ್ನೊಂದನ್ನು ತುಂಬಬಹುದು. ಮಗುಚುತ್ತಿದ್ದರೆ ಮೂರು ತಿಂಗಳಲ್ಲಿ, ಮಗುಚದಿದ್ದರೆ ಆರು ಎಂಟು ತಿಂಗಳಲ್ಲಿ, ಕಪ್ಪಗೆ ಪುಡಿಪುಡಿಯಾದ, ಮಳೆ ಬಿದ್ದ ಮಣ್ಣಿನ ವಾಸನೆಯ ಗೊಬ್ಬರ ಸಿದ್ಧವಾಗುತ್ತದೆ.

ನಾಲ್ಕನೆಯದು ಬಚ್ಚಲ ನೀರು. ಪಾತ್ರೆ ತೊಳೆದ ನೀರೂ ಸ್ನಾನದ ನೀರೂ ಬೀದಿಯಲ್ಲಿ ನಿಂತರೆ ಸೊಳ್ಳೆಯ ತವರು. ಅದನ್ನು ಬಾಳೆಯ ಬುಡಕ್ಕೋ ಕೆಸುವಿನ ಪಾತಿಗೋ ಹರಿಸಬೇಕು. ಹಿತ್ತಿಲಿಲ್ಲದವರು ಬಾವಿಗೆ ದೂರವಾಗಿ ಇಂಗುಗುಂಡಿ ತೋಡಿ, ಕೆಳಗೆ ದಪ್ಪ ಕಲ್ಲು, ಮೇಲೆ ಸಣ್ಣ ಜಲ್ಲಿ ತುಂಬಿ, ಬಾಯಿ ಮುಚ್ಚಬೇಕು.

ಊರು ಕೂಡಿ ಮಾಡತಕ್ಕ ಕೆಲಸ

ಹಸಿಕಸವನ್ನು ಮನೆಯೇ ಮುಗಿಸಬಲ್ಲುದು. ಒಣಕಸ ಹಾಗಲ್ಲ. ಒಂದು ಮನೆಯ ಹಿಡಿ ಪ್ಲಾಸ್ಟಿಕ್ಕಿಗೆ ಬೆಲೆಯಿಲ್ಲ. ಹತ್ತು ಊರಿನದು ಕೂಡಿದರೆ ಅದಕ್ಕೆ ಕೊಳ್ಳುವವರು ಬರುತ್ತಾರೆ. ಈ ಕಾರಣದಿಂದ ಇದು ಪಂಚಾಯತಿಯ ಕೆಲಸ. ಕರ್ನಾಟಕದ ಗ್ರಾಮ ಪಂಚಾಯತಿಗಳು ಇತ್ತೀಚಿನ ವರ್ಷಗಳಲ್ಲಿ ಈ ಕೆಲಸವನ್ನು ಕೈಗೆತ್ತಿಕೊಂಡಿವೆ. ಮನೆಮನೆಯ ಒಣಕಸವನ್ನು ತರುವ ಗಾಡಿಗೆ ‘ಸ್ವಚ್ಛ ವಾಹಿನಿ’ ಎಂದು ಹೆಸರು. ಅದನ್ನು ವಿಂಗಡಿಸುವ ಕಟ್ಟಡಕ್ಕೆ ‘ಸ್ವಚ್ಛ ಸಂಕೀರ್ಣ’ ಎಂದು ಹೆಸರು. ಅನೇಕ ಕಡೆ ಈ ಗಾಡಿಯನ್ನು ನಡೆಸುವವರು ಸ್ತ್ರೀಯರು. ಊರಿನ ಸ್ವಸಹಾಯ ಸಂಘಗಳಿಂದ ಬಂದು, ವಾಹನ ನಡೆಸುವುದನ್ನು ಕಲಿತು, ಪರವಾನಗಿ ಪಡೆದು ಅವರು ಈ ಕೆಲಸ ಮಾಡುತ್ತಿದ್ದಾರೆ.

ಉಡುಪಿ ಜಿಲ್ಲೆಯ ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಸುತ್ತಣ ಹಲವು ಪಂಚಾಯತಿಗಳ ಒಣಕಸವನ್ನು ಒಂದೆಡೆ ತಂದು, ಬಗೆಬಗೆಯಾಗಿ ವಿಂಗಡಿಸಿ, ಒತ್ತಿ ಕಟ್ಟುಗಳನ್ನು ಮಾಡಿ ಕಾರ್ಖಾನೆಗಳಿಗೆ ಕಳುಹಿಸುವ ಘಟಕ ಅಲ್ಲಿದೆ. ದಿನಕ್ಕೆ 10 ಟನ್ನು ಕಸವನ್ನು ವಿಂಗಡಿಸುವ ಸಾಮರ್ಥ್ಯ ಅದರದು. ಆದರೆ ಅಲ್ಲಿಯ ಯಂತ್ರಕ್ಕೂ ಒಂದು ಮಿತಿಯುಂಟು. ಸಾರು ಮೆತ್ತಿದ ಕಾಗದವನ್ನೂ ಅನ್ನ ಕೊಳೆತ ಚೀಲವನ್ನೂ ಅದು ಶುದ್ಧ ಮಾಡಿಕೊಡಲಾರದು. ಹಾಲಿನ ಪೊಟ್ಟಣವನ್ನು ಮನೆಯಲ್ಲಿ ತೊಳೆದು ಒಣಗಿಸಿಟ್ಟ ಕೈಯಿಂದಲೇ ಆ ಘಟಕದ ಕೆಲಸ ಮೊದಲಾಗುತ್ತದೆ.

ವಿದ್ಯಾರ್ಥಿಗಳೇ, ಈ ವಿಷಯವನ್ನು ಓದಿ ಮುಚ್ಚಿಡಬೇಡಿ. ಒಂದು ವಾರ ನಿಮ್ಮ ಮನೆಯ ಕಸವನ್ನು ನಾಲ್ಕು ಪಾಲು ಮಾಡಿ, ಪ್ರತಿದಿನ ತೂಗಿ ಬರೆದಿಡಿ. ಯಾವ ಪಾಲು ಹೆಚ್ಚು, ಅದರಲ್ಲಿ ಎಷ್ಟು ಭಾಗವನ್ನು ಮನೆಗೆ ತಾರದೆಯೇ ಇರಬಹುದಾಗಿತ್ತು ಎಂದು ತಾಯಿತಂದೆಯರೊಡನೆ ಕುಳಿತು ಲೆಕ್ಕ ಹಾಕಿ. ರಜೆಯಲ್ಲಿ ಊರಿಗೆ ಹೋದಾಗ ಅಲ್ಲಿಯೂ ಹಾಗೆಯೇ ಮಾಡಿ ಎರಡನ್ನೂ ಹೋಲಿಸಿ ನೋಡಿ. ಅಜ್ಜನಿಗೆ ಉಪದೇಶ ಮಾಡುವ ಮುಂಚೆ, ಹಿಂದೆ ತಿಪ್ಪೆಯನ್ನು ಹೇಗೆ ಹೂಡುತ್ತಿದ್ದರೆಂದು ಅವರನ್ನೇ ಕೇಳಿ; ಬಹುಶಃ ನಮಗಿಂತ ಅವರಿಗೇ ಹೆಚ್ಚು ತಿಳಿದೀತು. ಆಮೇಲೆ ಅವರೊಡನೆ ಸೇರಿ ಒಂದು ಗುಂಡಿ ತೋಡಿ. ನೀವು ಮರಳಿ ಹೌರಾದಲ್ಲಿ ಇಳಿಯುವ ಹೊತ್ತಿಗೆ ಅದರೊಳಗಿನ ಕೆಲಸಗಾರರು ತಮ್ಮ ಕೆಲಸವನ್ನು ಆರಂಭಿಸಿರುತ್ತಾರೆ. ಇಲ್ಲಿ ನಿಮ್ಮ ಅಡಿಗೆಮನೆಯಲ್ಲಿ ಎರಡು ಡಬ್ಬಿಗಳನ್ನು ಬೇರೆ ಬೇರೆಯಾಗಿಟ್ಟರೆ, ಧಾಪಾದ ಬೆಟ್ಟಕ್ಕೆ ನಿಮ್ಮ ಮನೆಯಿಂದ ಹೋಗುವ ಹೊರೆ ಅಷ್ಟರ ಮಟ್ಟಿಗೆ ಇಳಿಯುತ್ತದೆ.